ನೋಯದ ಪಾದದ ಮೇಲೆ ಒಂದು ಕಣ್ಣಿರಲಿ

ಪವಿತ್ರ ಗುರುವಾರದ ಸಂಜೆ ಪಾದ ತೊಳೆಯುವ ವಿಧಿಗೆ ಆಯ್ಕೆಯಾದವರು ಏನು ಮಾಡುತ್ತಾರೆಂಬುದು ನಮಗೆಲ್ಲ ಗೊತ್ತು. ಮನೆಯಲ್ಲೇ ಕಲ್ಲಿನಿಂದ ಹಿಮ್ಮಡ ತಿಕ್ಕಿ, ಉಗುರು ಕತ್ತರಿಸಿ, ಸೋಪು ಹಚ್ಚಿ ತೊಳೆದುಕೊಂಡೇ ದೇವಾಲಯಕ್ಕೆ ಬರುತ್ತಾರೆ. ಗುರುಗಳ ಮುಂದೆ ಒಡೆದ ಪಾದ ಚಾಚಲು ಯಾರಿಗಾದರೂ ಸಂಕೋಚವೇ. ಆದರೆ ಯೇಸುಸ್ವಾಮಿ ಕಡೆಯ ಭೋಜನದ ರಾತ್ರಿ ಕೈಯಲ್ಲಿ ಹಿಡಿದದ್ದು ನಡೆದು ಬಂದ ಪಾದಗಳನ್ನು, ಧೂಳು ಮೆತ್ತಿದ ಪಾದಗಳನ್ನು. 2016ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಈ ವಿಧಿಯ ನಿಯಮವನ್ನು ಬದಲಿಸಿ, ಸ್ತ್ರೀಯರ ಪಾದಗಳನ್ನೂ ತೊಳೆಯಬಹುದೆಂದು ಅಪ್ಪಣೆ ಕೊಟ್ಟರು. ದಿನವಿಡೀ ಕೆಸರಿನಲ್ಲಿ ನಿಂತು ಭತ್ತದ ನಾಟಿ ಮಾಡುವ, ಹತ್ತಿ ಬಿಡಿಸುವ ನಮ್ಮ ತಾಯಂದಿರ ಪಾದಗಳೂ ಹೀಗೆ ಪೀಠದ ಹತ್ತಿರಕ್ಕೆ ಬಂದವು.

ವರ್ಷಕ್ಕೊಮ್ಮೆ ಹೀಗೆ ನೋಡುವ ಪಾದಗಳನ್ನು ಉಳಿದ ದಿನಗಳಲ್ಲಿ ನಾವು ನೋಡುತ್ತೇವೆಯೇ? ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಕಾಲಿನ ಕಾಯಿಲೆ ಎಂದರೆ ಮೊದಲು ಬರುವ ಮಾತು ಎರಡು. ಒಂದು, ‘ನಡೆದಾಡಿದರೆ ತಾನೇ ಸರಿಹೋಗುತ್ತದೆ’. ಇನ್ನೊಂದು, ‘ಆಸ್ಪತ್ರೆಗೆ ಹೋದರೆ ಕಾಲು ಕತ್ತರಿಸುತ್ತಾರೆ’. ಮೊದಲನೆಯ ಮಾತನ್ನು ನಂಬಿ ತಿಂಗಳುಗಟ್ಟಲೆ ಮನೆಯಲ್ಲಿ ಉಳಿದವರಿಗೇ ಎರಡನೆಯ ಮಾತು ನಿಜವಾಗುತ್ತದೆ. ಕಾಲು ಹೋಗುವುದು ಬಹುಮಟ್ಟಿಗೆ ಆಸ್ಪತ್ರೆಯಿಂದಲ್ಲ, ತಡದಿಂದ. ತಡವಾಗುವುದು ಏಕೆಂದರೆ, ಅತಿ ಅಪಾಯದ ಪಾದ ಹೆಚ್ಚಾಗಿ ನೋಯುವುದೇ ಇಲ್ಲ. ಈ ಸಂಗತಿಯನ್ನು ನಮ್ಮ ಕುಟುಂಬಗಳಿಗೆ ತಿಳಿಸಬೇಕೆಂದೇ ಈ ಲೇಖನ.

ಪಾದದ ರಚನೆ

ದೇವರು ಮಾನವ ಶರೀರದಲ್ಲಿ 206 ಎಲುಬುಗಳನ್ನಿಟ್ಟಿದ್ದಾರೆ. ಅವುಗಳಲ್ಲಿ ಒಂದೊಂದು ಪಾದದಲ್ಲಿ 26, ಎರಡೂ ಸೇರಿ 52. ಅಂದರೆ ಎಲುಬುಗಳ ಕಾಲುಭಾಗ ಕಾಲಿನಲ್ಲೇ ಇದೆ! ಈ ಎಲುಬುಗಳನ್ನು ಹಗ್ಗದಂಥ ಕಟ್ಟುಗಳು ಒಂದಕ್ಕೊಂದು ಬಿಗಿದಿವೆ. ಮೊಣಕಾಲಿನ ಕೆಳಗಿನ ಎರಡು ಉದ್ದ ಎಲುಬುಗಳು ಪಾದದ ಮೇಲೆ ಕೂರುವ ಕೀಲಿಗೆ ಹರಡು ಅಥವಾ ಕಾಲಗಂಟು ಎನ್ನುತ್ತೇವೆ. ನಡೆಯುವಾಗ ಇಡೀ ದೇಹದ ಭಾರ ಈ ಒಂದು ಕೀಲಿನ ಮೇಲೆ ಬೀಳುತ್ತದೆ. ಆದುದರಿಂದ ಅದು ಎಳ್ಳಷ್ಟು ಓರೆಯಾದರೂ ಕಾಲಾಂತರದಲ್ಲಿ ಸವೆಯುತ್ತದೆ.

ದಿನನಿತ್ಯದ ತೊಂದರೆಗಳು

ಮೊದಲು ಹಿಮ್ಮಡದ ಒಡಕು. ಒಣ ಹವೆಯಿಂದಲೂ ಬರಿಗಾಲ ನಡಿಗೆಯಿಂದಲೂ ಹಿಮ್ಮಡದ ಚರ್ಮ ದಪ್ಪವಾಗಿ ಸೀಳುತ್ತದೆ. ರಾತ್ರಿ ಹತ್ತು ನಿಮಿಷ ಉಗುರುಬೆಚ್ಚನೆಯ ನೀರಿನಲ್ಲಿ ಪಾದವನ್ನಿಟ್ಟು, ಮೆಲ್ಲಗೆ ತಿಕ್ಕಿ, ಒರೆಸಿ, ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ ಮಲಗಿದರೆ ಎರಡು ಮೂರು ವಾರಗಳಲ್ಲಿ ಗುಣ ಕಾಣುತ್ತದೆ. ನೀರು ಎಷ್ಟು ಬಿಸಿ ಎಂಬುದನ್ನು ಮೊದಲು ಮೊಣಕೈಯಿಂದ ನೋಡಬೇಕು. ಸೀಳಿನಿಂದ ರಕ್ತ ಅಥವಾ ಕೀವು ಬಂದರೆ ವೈದ್ಯರಿಗೆ ತೋರಿಸಬೇಕು.

ಎರಡನೆಯದು ಆಣಿ. ಒಂದೇ ಜಾಗದಲ್ಲಿ ಒತ್ತಡ ಬಿದ್ದು ಚರ್ಮ ಗಟ್ಟಿಯಾಗಿ ಒಳಕ್ಕೆ ಚುಚ್ಚುತ್ತದೆ. ಒತ್ತುವ ಚಪ್ಪಲಿಯನ್ನು ಬದಲಿಸದೆ ಆಣಿಯನ್ನು ಮಾತ್ರ ಕೆತ್ತಿಸಿದರೆ ಅದು ಮತ್ತೆ ಬರುತ್ತದೆ. ಮನೆಯಲ್ಲಿ ಬ್ಲೇಡಿನಿಂದ ಕೆತ್ತುವ ಅಭ್ಯಾಸ ಒಳ್ಳೆಯದಲ್ಲ. ಸಕ್ಕರೆ ಕಾಯಿಲೆ ಇರುವವರಂತೂ ಬ್ಲೇಡನ್ನೂ ಆಣಿ ಕರಗಿಸುವ ಪಟ್ಟಿಯನ್ನೂ ಮುಟ್ಟಲೇಬಾರದು.

ಮೂರನೆಯದು ಬೆಳಗಿನ ಹಿಮ್ಮಡ ನೋವು. ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ಮುಳ್ಳು ಚುಚ್ಚಿದಂತಾಗಿ, ಸ್ವಲ್ಪ ಓಡಾಡಿದ ಮೇಲೆ ಕಡಿಮೆಯಾಗುವ ನೋವಿದು. ಹಿಮ್ಮಡದಿಂದ ಬೆರಳುಗಳವರೆಗೆ ಅಂಗಾಲಿನೊಳಗೆ ಬಿಗಿದಿರುವ ಪಟ್ಟಿ ದಣಿದಿದೆ ಎಂದು ಇದರ ಅರ್ಥ. ಎಕ್ಸ್-ರೇಯಲ್ಲಿ ‘ಎಲುಬು ಬೆಳೆದಿದೆ’ ಎಂದು ಕಂಡರೆ ಹೆದರಬೇಕಿಲ್ಲ. ನೋವೇ ಇಲ್ಲದ ಅನೇಕರಲ್ಲಿಯೂ ಅದು ಇರುತ್ತದೆ. ಗೋಡೆಗೆ ಕೈಕೊಟ್ಟು ಹಿಂಗಾಲಿನ ಮೀನಖಂಡವನ್ನು ಎಳೆಯುವ ವ್ಯಾಯಾಮ, ಮೆತ್ತನೆಯ ಚಪ್ಪಲಿ, ತೂಕ ಇಳಿಸುವುದು, ಇಷ್ಟರಿಂದಲೇ ಬಹುಪಾಲು ಜನ ಕೆಲವು ತಿಂಗಳಲ್ಲಿ ಗುಣವಾಗುತ್ತಾರೆ. ಶಸ್ತ್ರಚಿಕಿತ್ಸೆ ಬೇಕಾಗುವವರು ತೀರ ಕಡಿಮೆ.

ನಾಲ್ಕನೆಯದು ಹೆಬ್ಬೆರಳ ಉಗುರು ಮಾಂಸದೊಳಗೆ ಬೆಳೆಯುವುದು. ಉಗುರನ್ನು ಮೂಲೆಗಳಲ್ಲಿ ಗುಂಡಾಗಿ ಕತ್ತರಿಸದೆ ನೇರವಾಗಿ ಕತ್ತರಿಸಿದರೆ ಇದನ್ನು ತಡೆಯಬಹುದು. ಮತ್ತೆ ಮತ್ತೆ ಕೀವಾದರೆ ಬೆರಳಿಗೆ ಮಾತ್ರ ಅರಿವಳಿಕೆ ಕೊಟ್ಟು ಉಗುರಿನ ಅಂಚನ್ನು ತೆಗೆಯುತ್ತಾರೆ. ಅದೇ ದಿನ ಮನೆಗೆ ಬರಬಹುದು. ಹೆಬ್ಬೆರಳ ಬುಡದಲ್ಲಿ ಗಂಟಾಗಿ ಬೆರಳು ಓರೆಯಾಗುವುದು ಇನ್ನೊಂದು ತೊಂದರೆ. ನೋವಿದ್ದು ಅಗಲ ಚಪ್ಪಲಿಯಿಂದಲೂ ಕಡಿಮೆಯಾಗದಿದ್ದರೆ ಎಲುಬನ್ನು ಸ್ವಲ್ಪ ಕೊಯ್ದು ನೇರ ಕೂರಿಸುವ ಶಸ್ತ್ರಚಿಕಿತ್ಸೆ ಉಂಟು. ಚೆಂದಕ್ಕಾಗಿ ಮಾತ್ರ ಅದನ್ನು ಮಾಡಿಸುವುದು ಬೇಡ.

ಉಳುಕು ಮತ್ತು ಮುರಿತ

ಕಾಲು ಉಳುಕಿದಾಗ ಅದು ಬರೀ ಉಳುಕೋ ಎಲುಬು ಮುರಿದಿದೆಯೋ ಎಂದು ತಿಳಿಯುವುದು ಹೇಗೆ? ಕೆನಡಾದ ಒಟ್ಟಾವದ ವೈದ್ಯರು ಇದಕ್ಕೆ ಒಂದು ಸುಲಭ ನಿಯಮ ಮಾಡಿದ್ದಾರೆ. ಹರಡಿನ ಎರಡು ಬದಿಯ ಉಬ್ಬಿದ ಎಲುಬುಗಳನ್ನು, ಅದರಲ್ಲೂ ಅವುಗಳ ಹಿಂಬದಿಯ ಅಂಚನ್ನು ಒತ್ತಿದಾಗ ನೋವಾದರೆ, ಇಲ್ಲವೇ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಎಕ್ಸ್-ರೇ ಬೇಕು. ಅದಿಲ್ಲದಿದ್ದರೆ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಬಿಗಿ ಬ್ಯಾಂಡೇಜು, ಕಾಲನ್ನು ದಿಂಬಿನ ಮೇಲೆ ಎತ್ತಿಡುವುದು, ಇವು ಸಾಕು. ಉಳುಕಿದ ಕಾಲನ್ನು ಬಲವಾಗಿ ತಿಕ್ಕಿಸುವುದು, ಎಳೆದು ‘ಲಟಕ್’ ಎನ್ನಿಸುವುದು ಬೇಡ.

ಮುರಿದ ಎಲುಬು ಓರೆಯಾಗಿ ಕೂಡಿದರೆ ಏನಾಗುತ್ತದೆಂಬುದಕ್ಕೆ ಧರ್ಮಸಭೆಯ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ. ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲರವರು 1521ರ ಮೇ ತಿಂಗಳಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಸೈನಿಕರಾಗಿದ್ದಾಗ ಫಿರಂಗಿ ಗುಂಡು ತಗಲಿ ಕಾಲು ಮುರಿಯಿತು. ಅಲ್ಲಿ ಕೂರಿಸಿದ ಎಲುಬು ಸರಿಯಾಗಿ ಕೂಡಲಿಲ್ಲವೆಂದು ಲೊಯೋಲದಲ್ಲಿ ವೈದ್ಯರು ಅದನ್ನು ಮತ್ತೆ ಮುರಿದು ಕೂರಿಸಿದರು. ಆಮೇಲೂ ಮೊಣಕಾಲಿನ ಕೆಳಗೆ ಎಲುಬಿನ ತುಂಡೊಂದು ಉಬ್ಬಿ ನಿಂತಿತು, ಅದನ್ನು ಗರಗಸದಿಂದ ಕೊಯ್ಸಿಕೊಂಡರು. ಆಗ ಅರಿವಳಿಕೆ ಇರಲಿಲ್ಲ, ಅದು ಬಳಕೆಗೆ ಬಂದದ್ದು 1846ರಲ್ಲಿ. ಎಕ್ಸ್-ರೇ ಗೊತ್ತಾದದ್ದು 1895ರಲ್ಲಿ. ಅಷ್ಟೆಲ್ಲ ಸಹಿಸಿದರೂ ಆ ಕಾಲು ಗಿಡ್ಡವಾಗಿಯೇ ಉಳಿದು, ಅವರು ಜೀವನಪರ್ಯಂತ ಕುಂಟುತ್ತಲೇ ನಡೆದರು. ಅವರಿಗೆ ಇಲ್ಲದಿದ್ದ ಎರಡೂ ಅನುಕೂಲ ಇಂದು ನಮಗಿವೆ. ಹೀಗಿರುವಾಗ ಎಕ್ಸ್-ರೇ ಇಲ್ಲದೆ, ಕೈಯಂದಾಜಿನಲ್ಲಿ ಎಲುಬು ಕೂರಿಸಿ ಬಿದಿರ ದಬ್ಬೆ ಕಟ್ಟುವವರ ಬಳಿಗೆ ಮೊದಲು ಹೋಗುವುದು ಸರಿಯೇ? ಬಿಗಿ ಕಟ್ಟಿನಿಂದ ರಕ್ತ ಓಡದೆ ಬೆರಳುಗಳು ಕಪ್ಪಾಗುವ ಅಪಾಯವೂ ಉಂಟು.

ಹರಡಿನ ಎಲುಬು ಮುರಿದು ಸ್ಥಾನ ಬಿಟ್ಟು ಸರಿದಿದ್ದರೆ ಪ್ಲೇಟು, ಸ್ಕ್ರೂಗಳಿಂದ ಅದನ್ನು ಸ್ವಸ್ಥಾನದಲ್ಲಿ ನಿಲ್ಲಿಸುತ್ತಾರೆ. ಸರಿಯದಿದ್ದರೆ ಪ್ಲಾಸ್ಟರ್ ಸಾಕು. ಕೆಲವೊಮ್ಮೆ ವೈದ್ಯರು ‘ವಾರ ಬಿಟ್ಟು ಮಾಡೋಣ’ ಎನ್ನುತ್ತಾರೆ. ಅದು ನಿರ್ಲಕ್ಷ್ಯವಲ್ಲ. ಬಾವು ಇಳಿದು ಚರ್ಮದಲ್ಲಿ ಸುಕ್ಕು ಕಾಣಿಸಿಕೊಳ್ಳುವ ಮೊದಲೇ ಕೊಯ್ದರೆ ಗಾಯ ಕೂಡುವುದಿಲ್ಲವೆಂದು ಅವರು ಕಾಯುತ್ತಾರೆ. ಆದರೆ ಗಾಯದಲ್ಲಿ ಎಲುಬು ಹೊರಗೆ ಕಂಡರೆ ಒಂದು ಗಂಟೆಯನ್ನೂ ಕಳೆಯಬಾರದು. ಶುಚಿಯಾದ ಬಟ್ಟೆ ಮುಚ್ಚಿ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಭಾಗದ ಅನೇಕ ಕುಟುಂಬಗಳು ಬೆಂಗಳೂರು, ಹೈದರಾಬಾದು, ಪುಣೆ, ಮುಂಬಯಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮೇಲಿನಿಂದ ಬಿದ್ದು ಹಿಮ್ಮಡದ ಮೇಲೆ ನಿಂತವರಿಗೆ ಹಿಮ್ಮಡದ ಎಲುಬು ಒಡೆಯುತ್ತದೆ. ಜೊತೆಗೆ ಬೆನ್ನೆಲುಬಿಗೂ ಪೆಟ್ಟಾಗಿರಬಹುದು. ಆದುದರಿಂದ ಅಂಥವರು ಬೆನ್ನಿನ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

ಹುಟ್ಟಿನಿಂದ ಬಂದ ಸೊಟ್ಟ ಪಾದ

ಪ್ರೇಷಿತರ ಕಾರ್ಯಕಲಾಪಗಳ ಮೂರನೆಯ ಅಧ್ಯಾಯದಲ್ಲಿ ಮಹಾದೇವಾಲಯದ ಸುಂದರದ್ವಾರದ ಬಳಿ ಭಿಕ್ಷೆ ಬೇಡುತ್ತಿದ್ದ ಹುಟ್ಟುಕುಂಟನನ್ನು ನಾವು ಕಾಣುತ್ತೇವೆ. ಪೇತ್ರನು ಕೈಹಿಡಿದು ಎಬ್ಬಿಸಿದಾಗ ಆತನ ಪಾದಗಳಿಗೂ ಹರಡುಗಳಿಗೂ ಬಲ ಬಂದಿತೆಂದು ಸಂತ ಲೂಕರು ಎರಡನ್ನೂ ಹೆಸರಿಸಿ ಬರೆದಿದ್ದಾರೆ, ಅವರು ವೈದ್ಯರಾಗಿದ್ದರಲ್ಲವೇ! ಆತನಿಗೆ ನಲವತ್ತು ವರ್ಷ ಮೀರಿತ್ತು. ಅಷ್ಟೂ ವರ್ಷ ಯಾರಾದರೂ ಅವನನ್ನು ಹೊತ್ತು ತರಬೇಕಾಗಿತ್ತು.

ಸುಮಾರು ಸಾವಿರ ಮಕ್ಕಳಲ್ಲಿ ಒಂದು ಮಗು ಪಾದ ಒಳಕ್ಕೂ ಕೆಳಕ್ಕೂ ತಿರುಚಿಕೊಂಡು ಹುಟ್ಟುತ್ತದೆ. ಇದು ಗ್ರಹಣದ ನೆರಳಿನಿಂದ ಆದದ್ದಲ್ಲ, ತಾಯಿ ಮಾಡಿದ ತಪ್ಪಿನಿಂದಲೂ ಅಲ್ಲ. ಹಿಂದೆ ದೊಡ್ಡ ಶಸ್ತ್ರಚಿಕಿತ್ಸೆಯೇ ಇದಕ್ಕೆ ಮದ್ದೆಂದು ತಿಳಿದಿದ್ದರು. ಸ್ಪೇನಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ಸೇವೆ ಸಲ್ಲಿಸಿದ ಡಾ. ಇಗ್ನಾಸಿಯೊ ಪೊನ್ಸೆಟಿಯವರು ಬೇರೆ ದಾರಿ ತೋರಿಸಿದರು. ವಾರಕ್ಕೊಮ್ಮೆ ಪಾದವನ್ನು ಮೃದುವಾಗಿ ತಿದ್ದಿ ಪ್ಲಾಸ್ಟರ್ ಹಾಕುತ್ತಾ ಹೋದರೆ ಐದಾರು ಪ್ಲಾಸ್ಟರುಗಳಲ್ಲಿ ಪಾದ ನೇರವಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಕೊನೆಯಲ್ಲಿ ಹಿಮ್ಮಡದ ಹಿಂದಿನ ಬಿಗಿಯಾದ ಸ್ನಾಯುರಜ್ಜುವನ್ನು ಒಂದು ಸಣ್ಣ ಚುಚ್ಚಿನಷ್ಟು ಗಾಯದಲ್ಲಿ ಸಡಿಲಿಸುತ್ತಾರೆ. ಶಸ್ತ್ರಚಿಕಿತ್ಸೆ ಎಂದರೆ ಅಷ್ಟೇ. ಆಮೇಲೆ ಎರಡು ಬೂಟುಗಳನ್ನು ಒಂದು ಪಟ್ಟಿಗೆ ಜೋಡಿಸಿದ ಸಾಧನವನ್ನು ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ದಿನವಿಡೀ, ಬಳಿಕ ನಾಲ್ಕು ವರ್ಷದವರೆಗೆ ರಾತ್ರಿ ಹಾಕಬೇಕು. ಮಗು ಅಳುತ್ತದೆಂದು ಅದನ್ನು ಬಿಚ್ಚಿಟ್ಟ ಮನೆಗಳಲ್ಲಿ ಪಾದ ಮತ್ತೆ ತಿರುಚಿಕೊಳ್ಳುತ್ತದೆ. ಹುಟ್ಟಿದ ಕೆಲವು ವಾರಗಳಲ್ಲೇ ಆರಂಭಿಸುವುದು ಉತ್ತಮ. ಮಕ್ಕಳ ಆರೋಗ್ಯಕ್ಕಾಗಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ತೊಂದರೆಯೂ ಸೇರಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ.

ನೋಯದ ಪಾದ

ಈಗ ಮುಖ್ಯ ಮಾತಿಗೆ ಬರೋಣ. ಬೆಲ್ಜಿಯಂ ದೇಶದ ಗುರು ಸಂತ ದಾಮಿಯನ್‌ರವರು 1873ರಲ್ಲಿ ಹವಾಯಿಯ ಮೊಲೊಕಾಯಿ ದ್ವೀಪಕ್ಕೆ ಹೋಗಿ ಕುಷ್ಠರೋಗಿಗಳ ನಡುವೆ ಬಾಳಿದರು. 1884ರ ಡಿಸೆಂಬರಿನಲ್ಲಿ ಒಂದು ದಿನ ದಣಿದ ಪಾದಗಳನ್ನು ನೀರಿನಲ್ಲಿ ಇಟ್ಟರು. ನೀರು ಕುದಿಯುವಷ್ಟು ಬಿಸಿಯಾಗಿತ್ತು. ಚರ್ಮ ಬೊಬ್ಬೆ ಎದ್ದಿತು, ಆದರೆ ಅವರಿಗೆ ನೋವೇ ಆಗಲಿಲ್ಲ. ರೋಗ ತಮಗೂ ತಗಲಿದೆಯೆಂಬುದು ಆಗ ಅವರಿಗೆ ಖಚಿತವಾಯಿತು. 1889ರಲ್ಲಿ ಅವರು ತೀರಿಕೊಂಡರು, 2009ರಲ್ಲಿ ಸಂತರೆಂದು ಘೋಷಿತರಾದರು.

ಕುಷ್ಠರೋಗದಲ್ಲಿ ಮಾಂಸ ತಾನೇ ಕೊಳೆತು ಬೆರಳುಗಳು ಉದುರುತ್ತವೆಂದು ಜನ ಬಹುಕಾಲ ನಂಬಿದ್ದರು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರಾಂಡ್‌ರವರು ಅದು ಹಾಗಲ್ಲವೆಂದು ತೋರಿಸಿಕೊಟ್ಟರು. ರೋಗ ನರಗಳನ್ನು ಕೊಲ್ಲುತ್ತದೆ, ನರ ಸತ್ತ ಪಾದಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಮೊಳೆ ಚುಚ್ಚಿದರೂ ರೋಗಿ ನಡೆಯುತ್ತಲೇ ಇರುತ್ತಾನೆ. ಗಾಯ ಕೀವಾಗಿ ಎಲುಬಿಗೆ ಇಳಿಯುತ್ತದೆ. ಹೀಗೆ ಹಾನಿ ಮಾಡುವುದು ಕಾಣದೆ ಹೋದ ಗಾಯ. ನೋವು ಮನುಷ್ಯನಿಗೆ ಸಿಕ್ಕ ಕೊಡುಗೆಯೆಂದು ಅವರು ಹೇಳುತ್ತಿದ್ದುದು ಈ ಕಾರಣದಿಂದಲೇ. ಅಂಥ ಹುಣ್ಣಿಗೆ ಪ್ಲಾಸ್ಟರ್ ಹಾಕಿ ಅದರ ಮೇಲಿನ ಭಾರ ತಪ್ಪಿಸಿದರೆ ಅದು ಒಣಗುತ್ತದೆ. ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ ಹಾಕಿದರೆ ಮತ್ತೆ ಬರುವುದು ತಪ್ಪುತ್ತದೆ.

ಕುಷ್ಠರೋಗಕ್ಕೆ ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿ ಇದೆ. ಆರು ತಿಂಗಳಿಂದ ಒಂದು ವರ್ಷದಲ್ಲಿ ರೋಗ ವಾಸಿಯಾಗುತ್ತದೆ. ಸ್ಪರ್ಶವಿಲ್ಲದ ಮಚ್ಚೆ, ಚಪ್ಪಲಿ ಕಾಲಿನಿಂದ ಜಾರಿದರೂ ತಿಳಿಯದಿರುವುದು, ಇವು ಮುನ್ಸೂಚನೆಗಳು. ನರ ದುರ್ಬಲವಾಗಿ ಆರು ತಿಂಗಳು ಮೀರುವ ಮುನ್ನ ಬಂದರೆ ಔಷಧಿಯಿಂದಲೇ ಅದು ಚೇತರಿಸಿಕೊಳ್ಳಬಹುದು. ಪಾದ ಶಾಶ್ವತವಾಗಿ ಜೋತುಬಿದ್ದಿದ್ದರೆ, ಕಾಲಿನ ಒಳಬದಿಯ ಬಲವಾದ ಸ್ನಾಯುರಜ್ಜುವನ್ನು ಪಾದದ ಮೇಲ್ಭಾಗಕ್ಕೆ ತಂದು ಜೋಡಿಸುವ ಶಸ್ತ್ರಚಿಕಿತ್ಸೆಯಿಂದ ಮತ್ತೆ ಪಾದ ಎತ್ತಿ ನಡೆಯುವಂತಾಗುತ್ತದೆ.

ಮೊಲೊಕಾಯಿಯ ಕಥೆ ದೂರದ್ದೆಂದು ನಾವು ತಿಳಿಯಬಾರದು. ಸಕ್ಕರೆ ಕಾಯಿಲೆಯೂ ಇದೇ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಸಕ್ಕರೆ ಹೆಚ್ಚಾಗಿದ್ದರೆ ಪಾದದ ನರಗಳು ಮಂದವಾಗುತ್ತವೆ, ರಕ್ತನಾಳಗಳೂ ಕಿರಿದಾಗುತ್ತವೆ. ಮೊದಲು ಜೋಮು, ಉರಿ, ಹತ್ತಿಯ ಮೇಲೆ ನಡೆದಂಥ ಭಾವನೆ. ಬಳಿಕ ಏನೂ ತಿಳಿಯದು. ‘ಈಗ ಉರಿ ನಿಂತಿದೆ, ಗುಣವಾಯಿತು’ ಎಂದು ಸಂತೋಷಪಡುವ ಹೊತ್ತಿನಲ್ಲೇ ಅಪಾಯ ಆರಂಭವಾಗಿರುತ್ತದೆ. ತೊಗರಿ ಕೊಯ್ದ ಹೊಲದ ಕೂಳೆ, ಜಾಲಿ ಮುಳ್ಳು, ಏಪ್ರಿಲ್ ಮೇ ತಿಂಗಳ ಕಾದ ಬಂಡೆ, ಇವು ಮಾಡಿದ ಗಾಯ ಅವರಿಗೆ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ ಪ್ರತಿ ಐದು ಮಂದಿಯಲ್ಲಿ ಸುಮಾರು ನಾಲ್ವರಿಗೆ ಮೊದಲು ಆಗಿದ್ದದ್ದು ಪಾದದ ಒಂದು ಹುಣ್ಣು. ಆ ಹುಣ್ಣಿನ ಮೊದಲ ವಾರದಲ್ಲೇ ಕಾಲನ್ನು ಉಳಿಸುವ ಅವಕಾಶ ಹೆಚ್ಚು.

ಇಂಥ ಪಾದಕ್ಕೆ ಶಸ್ತ್ರಚಿಕಿತ್ಸೆ ಎಂದರೆ ಕಾಲು ಕತ್ತರಿಸುವುದೊಂದೇ ಅಲ್ಲ. ಕೀವನ್ನು ತೆರೆದು ಬಿಡುವುದು, ಸತ್ತ ಮಾಂಸವನ್ನು ತೆಗೆದು ಗಾಯವನ್ನು ಶುಚಿ ಮಾಡುವುದು, ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವುದು, ತೊಡೆಯ ಚರ್ಮವನ್ನು ಗಾಯಕ್ಕೆ ಕಸಿ ಮಾಡುವುದು, ಇವೆಲ್ಲ ಕಾಲನ್ನು ಉಳಿಸುವ ಶಸ್ತ್ರಚಿಕಿತ್ಸೆಗಳು. ಕೆಲವೊಮ್ಮೆ ಕಪ್ಪಾದ ಒಂದು ಬೆರಳನ್ನು ತೆಗೆಯಬೇಕೆನ್ನುತ್ತಾರೆ. ಮನೆಯವರು ‘ಬೆರಳು ಕೊಡುವುದಿಲ್ಲ’ ಎಂದು ರೋಗಿಯನ್ನು ಮನೆಗೆ ಕರೆದುಕೊಂಡು ಬಂದರೆ, ಹದಿನೈದು ದಿನಗಳಲ್ಲಿ ಅದೇ ರೋಗಿಯ ಪಾದವೇ ಹೋಗಬೇಕಾಗಬಹುದು. ಬೆರಳನ್ನು ತೆಗೆಯುವುದು ಪಾದವನ್ನು ಉಳಿಸುವುದಕ್ಕಾಗಿ, ಪಾದವನ್ನು ತೆಗೆಯುವುದು ಜೀವವನ್ನು ಉಳಿಸುವುದಕ್ಕಾಗಿ. ಕಾಲು ಹೋದ ಮೇಲೂ ಬದುಕು ಮುಗಿಯುವುದಿಲ್ಲ. 1968ರಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಥಿಯವರು ರೂಪಿಸಿದ ಜೈಪುರ ಪಾದವನ್ನು ಧರಿಸಿ ಚಕ್ಕಳಮಕ್ಕಳ ಕೂರಬಹುದು, ಬರಿಗಾಲಿನವರಂತೆ ಹೊಲದ ಬದುವಿನ ಮೇಲೂ ನಡೆಯಬಹುದು.

ಇನ್ನೊಂದು ಲಕ್ಷಣವನ್ನೂ ನೆನಪಿಡಬೇಕು. ಸಕ್ಕರೆ ಕಾಯಿಲೆಯವರ ಒಂದು ಪಾದ ಗಾಯವಿಲ್ಲದೆಯೇ ಕೆಂಪಗೆ ಬಿಸಿಯಾಗಿ ಬಾತು, ಹೆಚ್ಚು ನೋಯದಿದ್ದರೆ ಒಳಗಿನ ಎಲುಬುಗಳು ಪುಡಿಯಾಗುತ್ತಿರಬಹುದು. ಉಳುಕೆಂದು ಎಣ್ಣೆ ತಿಕ್ಕಿಸಿಕೊಂಡು ನಡೆದಾಡಿದರೆ ಪಾದ ದೋಣಿಯ ತಳದಂತೆ ಕೆಳಗೆ ಉಬ್ಬುತ್ತದೆ. ಕೂಡಲೇ ಪ್ಲಾಸ್ಟರ್ ಹಾಕಿಸಿ ಭಾರ ಬಿಡದಿದ್ದರೆ ಪಾದದ ಆಕಾರ ಉಳಿಯುತ್ತದೆ.

ನಮ್ಮ ಜಿಲ್ಲೆಯದೇ ಸಂಗತಿಗಳು

ಆನೆಕಾಲು ರೋಗ ನಮ್ಮ ಜಿಲ್ಲೆಗೆ ಹೊಸದಲ್ಲ. ಕೊಳಚೆ ನೀರಿನಲ್ಲಿ ಬೆಳೆಯುವ ಸೊಳ್ಳೆಗಳಿಂದ ಇದು ಹರಡುತ್ತದೆ. ಈ ರೋಗದ ಸೂಕ್ಷ್ಮ ಹುಳುಗಳ ವಿರುದ್ಧ ಎರಡು ಔಷಧಿಗಳ ಬದಲು ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವುದು ಸುರಕ್ಷಿತವೇ ಎಂಬ ಅಧ್ಯಯನವನ್ನು ಪುದುಚೇರಿಯ ಸಂಶೋಧನಾ ಕೇಂದ್ರವು ಭಾರತದಲ್ಲಿ ನಡೆಸಿದ್ದು ಯಾದಗಿರಿ ಜಿಲ್ಲೆಯಲ್ಲಿಯೇ. ಹೈಟಿ, ಫಿಜಿ, ಇಂಡೋನೇಷ್ಯಾ, ಪಪುವಾ ನ್ಯೂ ಗಿನಿಯಲ್ಲೂ ಇಂಥ ಅಧ್ಯಯನ ನಡೆಯಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಮೂರು ಔಷಧಿಗಳ ಕ್ರಮವನ್ನು ಒಪ್ಪಿತು. ದೇಶದಲ್ಲಿ ಇದನ್ನು ಮೊದಲು ಜಾರಿಗೆ ತಂದ ಐದು ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ನಮ್ಮ ಜಿಲ್ಲೆಯ ಬಡವರು ನುಂಗಿದ ಗುಳಿಗೆ ಬೇರೆ ನಾಡುಗಳ ಕಾಲುಗಳನ್ನೂ ಉಳಿಸಲು ನೆರವಾಯಿತು ಎಂದರೆ ಹೆಮ್ಮೆಯ ವಿಷಯ.

ಆದರೆ ಈಗಾಗಲೇ ದಪ್ಪಗಾದ ಕಾಲನ್ನು ಗುಳಿಗೆ ತೆಳ್ಳಗೆ ಮಾಡುವುದಿಲ್ಲ, ಶಸ್ತ್ರಚಿಕಿತ್ಸೆಯೂ ಕೆಲವರಿಗೆ ಮಾತ್ರ. ದಿನವೂ ಸೋಪಿನಿಂದ ತೊಳೆದು, ಬೆರಳ ಸಂದಿಯನ್ನು ಒಣಗಿಸಿ, ಮಲಗುವಾಗ ಕಾಲನ್ನು ಎತ್ತಿಟ್ಟು, ಚಪ್ಪಲಿ ಧರಿಸಿದರೆ ಚಳಿಜ್ವರದ ಹಾವಳಿ ನಿಂತು ಕಾಲು ಇನ್ನೂ ದಪ್ಪವಾಗುವುದು ತಪ್ಪುತ್ತದೆ. ಇದೇ ರೋಗದಿಂದ ಗಂಡಸರಲ್ಲಿ ವೃಷಣ ಬಾತಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಯಿಂದ ಪೂರ್ಣ ಗುಣ ಸಿಗುತ್ತದೆ. ನಾಚಿಕೆಯಿಂದ ಮುಚ್ಚಿಡಬಾರದು.

ಮುಳ್ಳು ಚುಚ್ಚಿದ ಜಾಗದಲ್ಲಿ ತಿಂಗಳುಗಳ ಬಳಿಕ ನೋವಿಲ್ಲದ ಗಂಟು ಎದ್ದು, ಸಣ್ಣ ರಂಧ್ರಗಳಿಂದ ಕೀವಿನೊಡನೆ ಕಪ್ಪು ಅಥವಾ ಬಿಳಿ ಕಾಳುಗಳು ಬಂದರೆ ಅದು ‘ಮದುರಾ ಪಾದ’. 1842ರಲ್ಲಿ ಮಧುರೆಯಲ್ಲಿ ಗುರುತಿಸಿದ್ದರಿಂದ ಆ ಹೆಸರು. ಬ್ಯಾಕ್ಟೀರಿಯದಿಂದ ಬಂದದ್ದಾದರೆ ಔಷಧಿಯಿಂದ ಗುಣವಾಗುತ್ತದೆ. ಶಿಲೀಂಧ್ರದಿಂದ ಬಂದದ್ದಾದರೆ ದೀರ್ಘಕಾಲದ ಔಷಧಿಯ ಜೊತೆಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಗಂಟು ಚಿಕ್ಕದಿರುವ ಹೊತ್ತಿಗೆ ಹೋದರೆ ಗಂಟು ಮಾತ್ರ ಹೋಗುತ್ತದೆ.

ಎರಡೂ ಅಂಗಾಲುಗಳಲ್ಲಿ, ಅಂಗೈಗಳಲ್ಲೂ ಗಟ್ಟಿ ಒರಟು ಕಾಳುಗಳೆದ್ದು, ಮೈಮೇಲೆ ಮಳೆಹನಿ ಬಿದ್ದಂಥ ಚುಕ್ಕೆಗಳಿದ್ದರೆ ಅದನ್ನು ಆಣಿಯೆಂದು ಬಿಡಬಾರದು. ಸುರಪುರ ತಾಲ್ಲೂಕಿನ ಹಳೆಯ ಚಿನ್ನದ ಗಣಿ ಪ್ರದೇಶದ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಕಂಡುಬಂದಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿ ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮದ ಗುರುತುಗಳಿದ್ದವು. ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ನೀರನ್ನು ಬದಲಿಸುವುದೇ ಮೊದಲ ಚಿಕಿತ್ಸೆ. ಕಾಳು ದೊಡ್ಡದಾಗಿ ಹುಣ್ಣಾದರೆ ಕ್ಯಾನ್ಸರ್ ಇರಬಹುದೆಂದು ಪರೀಕ್ಷಿಸಿ ಅದನ್ನು ತೆಗೆಯಬೇಕಾಗುತ್ತದೆ.

ಎಚ್ಚರದಿಂದ ಒಂದು ರೋಗವೇ ಮಾಯವಾದ ಉದಾಹರಣೆಯೂ ನಮ್ಮ ಮುಂದಿದೆ. ನಾರುಹುಣ್ಣು ಎಂದರೆ ಕಲಬುರಗಿ, ರಾಯಚೂರು ಭಾಗದ ಹಿರಿಯರಿಗೆ ನೆನಪಿದೆ. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ಉದ್ದ ದಾರದಂಥ ಹುಳು ಹೊರಬರುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದು, ಬಾವಿಗಿಳಿಯುವುದನ್ನು ನಿಲ್ಲಿಸಿ, ಕೈಪಂಪುಗಳನ್ನು ಹಾಕಿದ್ದರಿಂದ 1996ರಲ್ಲಿ ದೇಶದ ಕೊನೆಯ ರೋಗಿ ಕಂಡರು. 2000ದಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ಘೋಷಿತವಾಯಿತು.

ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ

ವೈದ್ಯರಿಗೆ ನಾಲ್ಕು ಪ್ರಶ್ನೆ ಕೇಳಲು ನಾವು ಹಿಂಜರಿಯಬಾರದು. ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆ? ಎಷ್ಟು ವಾರ ಕಾಲೂರಬಾರದು? ಕೆಲಸಕ್ಕೆ ಯಾವಾಗ ಮರಳಬಹುದು? ಖರ್ಚು ಯಾವ ಯೋಜನೆಯಲ್ಲಿ ಸೇರುತ್ತದೆ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋದರೆ ಅಲ್ಲಿಂದಲೇ ಮುಂದಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಬೀಡಿ ಸಿಗರೇಟು ಸೇದುವವರ ಗಾಯವೂ ಎಲುಬೂ ನಿಧಾನವಾಗಿ ಕೂಡುತ್ತವೆ, ಆದುದರಿಂದ ಆ ಚಟವನ್ನು ಮೊದಲೇ ಬಿಡಬೇಕು. ‘ಆರು ವಾರ ಕಾಲೂರಬಾರದು’ ಎಂದರೆ ಆರು ವಾರವೇ. ನಾಟಿ ಬಂತೆಂದು ನಾಲ್ಕನೆಯ ವಾರಕ್ಕೆ ಗದ್ದೆಗಿಳಿದರೆ ಪ್ಲೇಟು ಮುರಿಯುತ್ತದೆ. ಆ ದಿನಗಳಲ್ಲಿ ನೆರೆಯವರು ಹೊಲದ ಕೆಲಸಕ್ಕೆ ಕೈಜೋಡಿಸುವುದೂ ಚಿಕಿತ್ಸೆಯ ಭಾಗವೇ. ನಮ್ಮ ಧರ್ಮಕೇಂದ್ರಗಳ ಸಂಘಗಳು ಮಾಡಬಹುದಾದ ಸೇವೆ ಇದು.

ಮನೆಯಲ್ಲಿ ಮಾಡಬೇಕಾದದ್ದು

ಪ್ರಿಯರೇ, ಸಕ್ಕರೆ ಕಾಯಿಲೆ ಇರುವವರು, ಪಾದದ ಸ್ಪರ್ಶ ಕಡಿಮೆಯಾದವರು ಇರುವ ಪ್ರತಿ ಮನೆಯಲ್ಲಿ ಈ ಅಭ್ಯಾಸಗಳು ನಡೆಯಲಿ. ರಾತ್ರಿ ಜಪಮಾಲೆ ಮುಗಿದ ಮೇಲೆ ಐದು ನಿಮಿಷ ಪಾದಗಳನ್ನು ಬೆಳಕಿನಲ್ಲಿ ನೋಡಿ. ಅಂಗಾಲು, ಹಿಮ್ಮಡ, ಬೆರಳ ಸಂದಿ, ಎಲ್ಲವನ್ನೂ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಲಿ. ಕಣ್ಣು ಮಂದವಾದ ಅಜ್ಜ ಅಜ್ಜಿಯರ ಪಾದವನ್ನು ಮೊಮ್ಮಕ್ಕಳು ನೋಡಲಿ. ಚಪ್ಪಲಿ ಹಾಕುವ ಮುನ್ನ ಒಳಗೆ ಕೈಯಾಡಿಸಿ, ಕಲ್ಲೋ ಮೊಳೆಯೋ ಇರಬಹುದು. ಬಿಸಿನೀರಿನ ಶಾಖ, ಬಿಸಿ ಇಟ್ಟಿಗೆಯ ಕಾವು ಅವರಿಗೆ ಬೇಡ. ವರ್ಷಕ್ಕೊಮ್ಮೆ ವೈದ್ಯರಿಂದ ಪಾದದ ಸ್ಪರ್ಶವನ್ನೂ ನಾಡಿಯನ್ನೂ ಪರೀಕ್ಷಿಸಿಕೊಳ್ಳಿ. ಗಾಯ ಎಷ್ಟೇ ಸಣ್ಣದಿರಲಿ, ಎರಡು ದಿನದಲ್ಲಿ ಒಣಗುವ ಲಕ್ಷಣ ಕಾಣದಿದ್ದರೆ ವೈದ್ಯರ ಬಳಿಗೆ ಹೋಗಿ. ಬಾವು, ಕೀವು, ಜ್ವರ, ಕಪ್ಪುಬಣ್ಣ, ದುರ್ವಾಸನೆ ಕಂಡರೆ ಅಂದೇ ಹೋಗಿ. ಅರಿಶಿನ, ಸುಣ್ಣ, ಬ್ಯಾಟರಿಯ ಕಪ್ಪು ಪುಡಿ, ಯಾವುದನ್ನೂ ತುಂಬಬೇಡಿ.

ಭಕ್ತಿಯ ಬಗ್ಗೆಯೂ ಒಂದು ಮಾತು. ಶುಭ ಶುಕ್ರವಾರದ ಮಧ್ಯಾಹ್ನ ಬರಿಗಾಲಿನಲ್ಲಿ ಶಿಲುಬೆಯ ಹಾದಿ ನಡೆಯುವ ಹರಕೆ ನಮ್ಮಲ್ಲಿ ಅನೇಕರಿಗಿದೆ. ನಮ್ಮ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಆರೋಗ್ಯವಂತನು ನೋವಿನಿಂದ ಕಾಲೆತ್ತಿ ನೆರಳಿಗೆ ಸರಿಯುತ್ತಾನೆ. ಸ್ಪರ್ಶ ಕಳೆದುಕೊಂಡವನು ಹದಿನಾಲ್ಕು ಸ್ಥಳಗಳನ್ನೂ ಮುಗಿಸಿ, ಮನೆಗೆ ಬಂದು ಸುಟ್ಟ ಅಂಗಾಲನ್ನು ಕಾಣುತ್ತಾನೆ. ಅಂಥವರು ಚಪ್ಪಲಿ ಧರಿಸಿಯೇ ನಡೆಯಲಿ, ಯಾರೂ ಅವರನ್ನು ಆಡಿಕೊಳ್ಳದಿರಲಿ. ದೇವಾಲಯದ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕಾದ ಕಲ್ಲಿನ ಮೇಲೆ ಒಂದು ಚಾಪೆ ಹಾಸಿದರೆ ಧರ್ಮಕೇಂದ್ರಕ್ಕೆ ಆಗುವ ಖರ್ಚು ತೀರ ಸ್ವಲ್ಪ. ಅದರಿಂದ ಒಬ್ಬ ತಾಯಿಯ ಕಾಲು ಉಳಿಯಬಹುದು.

ನೋವು ಇದ್ದಾಗ ನಾವು ತಾನಾಗಿಯೇ ಎಚ್ಚರವಾಗುತ್ತೇವೆ. ನೋವಿಲ್ಲದ ಪಾದಕ್ಕೆ ಮನೆಯವರ ಕಣ್ಣೇ ಕಾವಲು. ಈ ರಾತ್ರಿಯೇ ನಮ್ಮ ಮನೆಯ ಹಿರಿಯರ ಅಂಗಾಲುಗಳನ್ನೊಮ್ಮೆ ತಿರುಗಿಸಿ ನೋಡೋಣ.